ಬಿಲ್ಲೆಯ ಒಳಗಿನ ಮಾತು

ಯುಗಾದಿಯ ಮುಂಚಿನ ವಾರ ಮನೆಯನ್ನು ಸಾರಿಸಿ, ಧೂಳು ಝಾಡಿಸಿ ಒಪ್ಪಗೊಳಿಸುವ ರೂಢಿ ನಮ್ಮೆಲ್ಲರ ಮನೆಗಳಲ್ಲಿಯೂ ಉಂಟು. ಈ ಸಲ ನಮ್ಮ ಮನೆಯ ಅಟ್ಟದ ಮೇಲಿದ್ದ ಹಳೆಯ ತಗಡಿನ ಟ್ರಂಕು ಕೆಳಗಿಳಿಯಿತು. ಅದರೊಳಗೆ ಹಳದಿಗಟ್ಟಿದ ಒಂದು ಬಟ್ಟೆಯ ಗಂಟು. ಗಂಟಿನಲ್ಲಿ ನಮ್ಮ ವಿದ್ಯಾಭ್ಯಾಸದ ಕಾಗದಪತ್ರಗಳು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪದವಿಯ ಪ್ರಮಾಣಪತ್ರ, ದಕ್ಷಿಣ ಭಾರತ ಹಿಂದೀ ಪ್ರಚಾರ ಸಭೆಯ ಎರಡು ಪರೀಕ್ಷೆಗಳ ಪತ್ರಗಳು, ಕನ್ನಡ ಸಾಹಿತ್ಯ ಪರಿಷತ್ತಿನ ‘ಕಾವ’ ಪರೀಕ್ಷೆಯ ಒಂದು ಪತ್ರ, ಎಲ್ಲಕ್ಕೂ ಅಡಿಯಲ್ಲಿ 1976ರ ಬೆರಳಚ್ಚು ಪರೀಕ್ಷೆಯ ಜೂನಿಯರ್ ಹಾಗೂ ಸೀನಿಯರ್ ಸರ್ಟಿಫಿಕೇಟುಗಳು.

“ಇವನ್ನ ಇನ್ನೂ ಯಾಕ ಇಟ್ಕೊಂಡೀರಿ? ರಿಟೈರ್ ಆಗಿ ಹತ್ತ ವರ್ಷ ಆತು, ಇನ್ನ ಯಾರ ಕೇಳವರು?” ಎಂದು ನಮ್ಮ ಮನೆಯವರು ನಕ್ಕರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಆ ಗಂಟನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಕುಳಿತೆವು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮೊಮ್ಮಗಳು ರಜೆಗೆಂದು ಬಂದಿದ್ದಳು. ಅವಳು ಪಕ್ಕದಲ್ಲಿ ಕುಳಿತು ಒಂದೊಂದೇ ಕಾಗದವನ್ನು ಬಿಡಿಸಿ ನೋಡುತ್ತ, ಇದಕ್ಕೆ ಎಷ್ಟು ತಿಂಗಳು ಕಲಿತಿರಿ, ಇದರಿಂದ ಏನು ಲಾಭವಾಯಿತು ಎಂದು ಕೇಳತೊಡಗಿದಳು.

ಬೆರಳಚ್ಚಿನ ಸರ್ಟಿಫಿಕೇಟು ಕೈಗೆ ಬಂದಾಗ ನಮಗೆ ಹೇಳಲು ಒಂದು ಕಥೆಯೇ ಇತ್ತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಟೈಪಿಂಗ್ ಸಂಸ್ಥೆ. ಬೆಳಗಿನ ಆರು ಗಂಟೆಗೆ ತರಗತಿ. ಒಂದೇ ಸೂರಿನಡಿ ಹತ್ತು ಹನ್ನೆರಡು ಯಂತ್ರಗಳ ಮಳೆಗರೆಯುವಂಥ ಸಪ್ಪಳ. ಮರುವರ್ಷ ಜಿಲ್ಲಾ ಕೇಂದ್ರದ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸಕ್ಕೆ ಸಂದರ್ಶನಕ್ಕೆ ಹೋದೆವು. ನಮ್ಮದು ಹಳ್ಳಿಯ ಉಡುಪು, ತಡವರಿಸುವ ಇಂಗ್ಲಿಷು. ನಾವು ಸರ್ಟಿಫಿಕೇಟುಗಳನ್ನು ಮುಂದಿಟ್ಟಾಗ ಆ ಹಿರಿಯ ಅಧಿಕಾರಿಗಳು ಅವನ್ನು ಬಿಡಿಸಿಯೂ ನೋಡಲಿಲ್ಲ. “ಕಾಗದ ಆಮೇಲೆ ನೋಡೂಣು. ಮೊದಲ ಇದನ್ನ ಟೈಪ್ ಮಾಡಿ ತೋರಸ್ರಿ” ಎಂದು ಒಂದು ಪತ್ರವನ್ನು ಕೈಗಿತ್ತು, ಮೂಲೆಯಲ್ಲಿದ್ದ ಯಂತ್ರವನ್ನು ತೋರಿಸಿದರು. ಹತ್ತು ನಿಮಿಷದಲ್ಲಿ ಅದು ಮುಗಿಯಿತು. ಒಂದೇ ಒಂದು ತಪ್ಪು ಇತ್ತು. ಅವರು ಅದಕ್ಕೆ ಕೆಂಪು ಗೀಟು ಎಳೆದು, ಅದೇ ಕೆಂಪು ಶಾಯಿಯಲ್ಲಿ ನಮ್ಮ ಹೆಸರಿನ ಮುಂದೆ ಗುರುತು ಹಾಕಿದರು. ನಮ್ಮ ಮನೆಯ ಅನ್ನಕ್ಕೆ ಆ ಹತ್ತು ನಿಮಿಷಗಳೇ ಮೂಲ.

ಕಥೆ ಕೇಳಿ ಮೊಮ್ಮಗಳು, “ಹಂಗಾದ್ರ ಅಜ್ಜಾ, ಇವು ನಿಮ್ಮ ಕಾಲದ ಬ್ಯಾಡ್ಜ್ ಅಲ್ಲೇನ್ರಿ?” ಎಂದು ತನ್ನ ಫೋನನ್ನು ಮುಂದೆ ಹಿಡಿದಳು. ಅದರ ಪರದೆಯ ಮೇಲೆ ಬಣ್ಣಬಣ್ಣದ ಬಿಲ್ಲೆಗಳು. ಕೆಲವು ದುಂಡಗೆ, ಕೆಲವು ಷಟ್ಕೋನ. ಒಂದೊಂದರ ಮೇಲೂ ಅವಳು ಕಲಿತ ವಿಷಯದ ಹೆಸರು. ‘ಡಿಜಿಟಲ್ ಬ್ಯಾಡ್ಜ್’ ಎಂದು ಇವಕ್ಕೆ ಹೆಸರಂತೆ.

ಆ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಅಲ್ಲಿ ನಿಲ್ಲಲಿಲ್ಲ. ನಾಲ್ಕು ತಿಂಗಳ ಹಿಂದಿನ ಒಂದು ಮಧ್ಯಾಹ್ನಕ್ಕೆ ಓಡಿತು. ಇಲ್ಲಿ ಬರೆಯಹೊರಟದ್ದು ಆ ಮಧ್ಯಾಹ್ನ ನಮ್ಮಿಂದ ಆದ ಒಂದು ತಪ್ಪಿನ ವಿಷಯವನ್ನು.

ನಿವೃತ್ತಿಯ ತರುವಾಯ ಊರಿನ ಒಂದು ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನಮಗೂ ಒಂದು ಸ್ಥಾನ ದೊರೆತಿದೆ. ಸಂಸ್ಥೆಯ ಕಚೇರಿಗೆ ಲೆಕ್ಕಪತ್ರ ಹಾಗೂ ಅಂಕಿ ಅಂಶಗಳನ್ನು ನೋಡಿಕೊಳ್ಳುವ ಒಬ್ಬ ಸಹಾಯಕರು ಬೇಕಾಗಿದ್ದರು. ಒಂಬತ್ತು ಜನ ಸಂದರ್ಶನಕ್ಕೆ ಬಂದರು. ಅವರಲ್ಲಿ ಒಬ್ಬಳು ತಾಲ್ಲೂಕು ಊರಿನ ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಹುಡುಗಿ. ದ್ವಿತೀಯ ದರ್ಜೆ. ಅರ್ಜಿಯ ಕೊನೆಯ ಪುಟದಲ್ಲಿ ಒಂದು ಬಿಲ್ಲೆಯ ಚಿತ್ರ, ಅದರ ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್. ನಮಗೆ ಕೊಟ್ಟಿದ್ದು ಝೆರಾಕ್ಸ್ ಪ್ರತಿ. ಬಿಲ್ಲೆ ಅದರಲ್ಲಿ ಒಂದು ಕಪ್ಪು ಕಲೆಯಂತೆ ಕಾಣುತ್ತಿತ್ತು. ನಮ್ಮ ಪಕ್ಕದ ಸದಸ್ಯರು, “ಈಗಿನ ಹುಡುಗರು ಎಲ್ಲಾದಕ್ಕೂ ಸ್ಟಿಕ್ಕರ್ ಹಚ್ಚತಾರ” ಎಂದರು. ನಾವು ನಕ್ಕೆವು. ಹುಡುಗಿಯೂ ತಲೆ ತಗ್ಗಿಸಿ ಮುಗುಳ್ನಕ್ಕಳು. ಆಕೆಯನ್ನು ಕೇಳಿದ್ದು ತಂದೆಯ ಉದ್ಯೋಗ, ಊರಿನ ದೂರ, ದರ್ಜೆ ಏಕೆ ಕಡಿಮೆಯಾಯಿತು ಎಂಬ ಮೂರು ಪ್ರಶ್ನೆ ಮಾತ್ರ. ಪ್ರಥಮ ದರ್ಜೆಯ ಒಬ್ಬ ಯುವಕನನ್ನು ಆರಿಸಿದೆವು. ಆತ ಒಳ್ಳೆಯ ಕೆಲಸಗಾರನೇ. ಆ ವಿಷಯದಲ್ಲಿ ನಮಗೆ ದೂರಿಲ್ಲ. ಆದರೆ ಆ ಹುಡುಗಿಗೆ ಏನು ಬರುತ್ತದೆ ಎಂಬುದನ್ನು ನಾವು ಯಾರೂ ನೋಡಲೇ ಇಲ್ಲ.

ಮೊಮ್ಮಗಳ ಮುಂದೆ ಇದನ್ನು ಹೇಳಿಕೊಂಡೆವು. ಅವಳು ನಗಲಿಲ್ಲ. “ಅಜ್ಜಾ, ಬ್ಯಾಡ್ಜ್ ಬರೇ ಚಿತ್ರ ಅಲ್ರಿ. ಅದರ ಒಳಗ ಮಾತದ. ಒತ್ತಿ ನೋಡಬೇಕು” ಎಂದಳು. ಆಮೇಲೆ ಅರ್ಧ ಗಂಟೆ ಅವಳು ಗುರು, ನಾವು ಶಿಷ್ಯ. ಅವಳಿಂದ ತಿಳಿದುಕೊಂಡದ್ದನ್ನೂ, ಆ ಬಳಿಕ ನಾವೇ ಓದಿ ಅರಿತದ್ದನ್ನೂ ವಾಚಕ ಬಂಧುಗಳ ಮುಂದೆ ಇಡುವೆವು.

ಬಿಲ್ಲೆ ಎಂಬುದು ನಮಗೆ ಹೊಸದಲ್ಲ. ಕಚೇರಿಯ ಜವಾನರ ಡವಾಲಿಯ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆಯ ಬಿಲ್ಲೆ ಅವರು ಯಾರ ಆಳು ಎಂಬುದನ್ನು ಸಾರುತ್ತಿತ್ತು. ಸ್ಕೌಟ್ ಹುಡುಗನ ತೋಳಿನ ಮೇಲಿನ ಬಿಲ್ಲೆ ಅವನಿಗೆ ಪ್ರಥಮ ಚಿಕಿತ್ಸೆಯೋ ಅಡುಗೆಯೋ ಬರುತ್ತದೆಂದು ಹೇಳುತ್ತಿತ್ತು. ಈ ಎರಡನೆಯ ಬಗೆಯ ಬಿಲ್ಲೆಯೇ ಈಗ ಗಣಕಯಂತ್ರದೊಳಗೆ ಹೊಕ್ಕಿದೆ. 2011ರಲ್ಲಿ ಅಮೆರಿಕದ ಮೊಜಿಲ್ಲಾ ಪ್ರತಿಷ್ಠಾನವು ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ಧನಸಹಾಯ ಪಡೆದು ‘ಓಪನ್ ಬ್ಯಾಡ್ಜಸ್’ ಎಂಬ ಕಾರ್ಯವನ್ನು ಕೈಗೆತ್ತಿಕೊಂಡಿತು. ಅಂತರ್ಜಾಲ ನೋಡಲು ಬಳಸುವ ಫೈರ್‌ಫಾಕ್ಸ್ ತಂತ್ರಾಂಶವನ್ನು ನೀಡಿದವರೂ ಈ ಮೊಜಿಲ್ಲಾದವರೇ. ಮನುಷ್ಯನು ಶಾಲೆಯಲ್ಲಿ ಮಾತ್ರವಲ್ಲ, ಗ್ರಂಥಾಲಯದಲ್ಲಿ, ಕೆಲಸದ ಜಾಗದಲ್ಲಿ, ಮನೆಯಲ್ಲಿ ಕುಳಿತು ಸಹ ಕಲಿಯುತ್ತಾನೆ. ಆ ಕಲಿಕೆಗೆ ಎಲ್ಲಿಯೂ ಗುರುತಿಲ್ಲ. ಆ ಗುರುತನ್ನು ಯಾರು ಬೇಕಾದರೂ ಪರೀಕ್ಷಿಸಬಹುದಾದ ರೀತಿಯಲ್ಲಿ ಕೊಡಬೇಕು ಎಂಬುದು ಅದರ ಹಿಂದಿನ ವಿಚಾರ. 2013ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಅದಕ್ಕೂ ಒಂದು ವರ್ಷ ಮುಂಚೆಯೇ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗಳಿಗಾಗಿ ‘ಪಾಸ್‌ಪೋರ್ಟ್’ ಎಂಬ ಬಿಲ್ಲೆಗಳ ವ್ಯವಸ್ಥೆಯನ್ನು ಹೊರತಂದಿತ್ತು. 2017ರಿಂದ ಈ ಬಿಲ್ಲೆಗಳ ನಿಯಮಗಳನ್ನು ನೋಡಿಕೊಳ್ಳುವ ಹೊಣೆ ಐಎಂಎಸ್ ಗ್ಲೋಬಲ್ ಎಂಬ ಸಂಸ್ಥೆಯದಾಯಿತು. ಅದಕ್ಕೆ ಈಗ ವನ್‌ಎಡ್‌ಟೆಕ್ ಎಂದು ಹೆಸರು.

ಇನ್ನು ಇದರ ರಚನೆ. ಕಣ್ಣಿಗೆ ಕಾಣುವುದು ಒಂದು ಚಿಕ್ಕ ಚಿತ್ರ. ಆದರೆ ಆ ಚಿತ್ರದೊಡನೆಯೇ ಕೆಲವು ವಿವರಗಳನ್ನು ಸೇರಿಸಿ ಇಟ್ಟಿರುತ್ತಾರೆ. ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟ ದಿನಾಂಕ ಯಾವುದು, ಅದನ್ನು ಗಳಿಸಲು ಏನೇನು ಮಾಡಬೇಕಾಗಿತ್ತು, ಅವಧಿ ಮುಗಿಯುವುದಿದ್ದರೆ ಎಂದು ಮುಗಿಯುತ್ತದೆ ಎಂಬಿವು ಅದರಲ್ಲಿರುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ವಿದ್ಯಾರ್ಥಿ ಮಾಡಿದ ಕೆಲಸವನ್ನೇ ಅಲ್ಲಿ ಸಾಕ್ಷಿಯಾಗಿ ಇಡಲು ಸ್ಥಳವಿದೆ. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು; ಆದರೆ ಅದನ್ನು ತೆರೆದು ಪರೀಕ್ಷಿಸಿದರೆ ಒಳಗಿನ ವಿವರ ಬೇರೆಯವರ ಹೆಸರನ್ನು ಹೇಳುತ್ತದೆ. ಹೀಗಾಗಿ ತೆರೆಯದ ಬಿಲ್ಲೆ ಬರೀ ಸ್ಟಿಕ್ಕರೇ ಸರಿ. ಆ ದಿನ ಅದನ್ನು ಸ್ಟಿಕ್ಕರ್ ಮಾಡಿದವರು ಮೇಜಿನ ಈಚೆ ಕುಳಿತಿದ್ದ ನಾವು.

ನಮ್ಮ ಪದವಿಯ ಅಂಕಪಟ್ಟಿ ಇದಕ್ಕೆ ಹೋಲಿಸಿದರೆ ಮಿತಭಾಷಿ. ‘ವ್ಯವಹಾರ ಸಂಖ್ಯಾಶಾಸ್ತ್ರ: 58’ ಎಂದು ಅದು ಹೇಳುತ್ತದೆ. ಆ 58 ಬಂದದ್ದು ಬಾಯಿಪಾಠದಿಂದಲೋ, ತಿಳಿವಳಿಕೆಯಿಂದಲೋ, ಅಂದು ಜ್ವರವಿತ್ತೋ, ಉಳಿದ 42ರಲ್ಲಿ ಹೋದದ್ದೇನು ಎಂಬುದನ್ನು ಹೇಳುವುದಿಲ್ಲ. ಅಂಕಪಟ್ಟಿಯನ್ನು ನಾವು ಹಳಿಯುತ್ತಿಲ್ಲ. ಸಾವಿರಾರು ವಿದ್ಯಾರ್ಥಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಬೇರೆ ಉಪಾಯವಿಲ್ಲ. ಆದರೆ ತೂಕ ತಿಳಿದ ಮಾತ್ರಕ್ಕೆ ಕಾಳಿನ ಗುಣ ತಿಳಿಯದು.

ಸಂದರ್ಶನದ ಪ್ರತಿಗಳ ಕಟ್ಟು ನಮ್ಮ ಮೇಜಿನ ಖಾನೆಯಲ್ಲಿಯೇ ಇತ್ತು. ಮೊಮ್ಮಗಳು ಆ ಹುಡುಗಿಯ ಅರ್ಜಿಯ ಕೊನೆಯ ಪುಟವನ್ನು ಬಿಡಿಸಿ ಫೋನನ್ನು ಆ ಕ್ಯೂಆರ್ ಕೋಡಿನ ಮೇಲೆ ಹಿಡಿದಳು. ಕಿರಾಣಿ ಅಂಗಡಿಯಲ್ಲಿ, ಕಾಯಿಪಲ್ಲೆ ಮಾರುವ ತಾಯಿಯ ಬುಟ್ಟಿಯ ಮುಂದೆ, ನಾವು ದಿನವೂ ಮಾಡುವ ಕೆಲಸವೇ ಅದು. ಹತ್ತು ರೂಪಾಯಿಯ ಕೊತ್ತಂಬರಿಗೆ ಎತ್ತಿ ಹಿಡಿಯುವ ಫೋನನ್ನು ಒಂದು ಮಗುವಿನ ಜೀವನದ ಪ್ರಶ್ನೆ ಎದುರಿಗಿದ್ದಾಗ ನಾವು ಜೇಬಿನಿಂದ ತೆಗೆಯಲಿಲ್ಲ.

ಬಿಲ್ಲೆ ತೆರೆಯಿತು. ಅಂಕಿ ಅಂಶಗಳನ್ನು ಜೋಡಿಸಿ ಅರ್ಥಮಾಡಿಕೊಳ್ಳುವ ನಾಲ್ಕು ತಿಂಗಳ ಒಂದು ಶಿಕ್ಷಣಕ್ರಮಕ್ಕೆ ಸಂಬಂಧಿಸಿದ್ದು ಅದು. ಅದನ್ನು ಗಳಿಸಲು ಪ್ರಶ್ನೆಗಳಿಗೆ ಉತ್ತರಿಸಿದರೆ ಸಾಲದು. ತನ್ನ ಊರಿನ ನಿಜವಾದ ಲೆಕ್ಕವೊಂದನ್ನು ತೆಗೆದುಕೊಂಡು ವರದಿ ಬರೆಯಬೇಕು ಎಂದು ಅಲ್ಲಿ ನಮೂದಾಗಿತ್ತು. ಆ ಹುಡುಗಿ ಆರಿಸಿಕೊಂಡದ್ದು ತಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಒಂದು ವರ್ಷದ ಲೆಕ್ಕವನ್ನು. ದಿನಕ್ಕೆ ಎರಡು ಹೊತ್ತಿನ ಹಾಲು, ಅದರ ಜಿಡ್ಡಿನಂಶ, ಸಂದಾಯವಾದ ಹಣ, ಎಲ್ಲವನ್ನೂ ಸಂಘದ ಒಪ್ಪಿಗೆ ಪಡೆದು ಪಟ್ಟಿ ಮಾಡಿದ್ದಳು. ಸದಸ್ಯರ ಹೆಸರುಗಳನ್ನು ಬಿಟ್ಟು ಅವರಿಗೆ ಬರೀ ಸಂಖ್ಯೆಗಳನ್ನು ಕೊಟ್ಟಿದ್ದಳು. ಒಬ್ಬರ ಮನೆಯ ಲೆಕ್ಕ ಇನ್ನೊಬ್ಬರ ಬಾಯಿಗೆ ಬೀಳಬಾರದೆಂಬ ವಿವೇಕ ಅದು. ಬೇಸಿಗೆಯ ತಿಂಗಳುಗಳಲ್ಲಿ ಹಾಲು ಎಷ್ಟು ಇಳಿಯಿತೆಂಬುದನ್ನು ತೋರಿಸಿದ್ದಳು. ಆಮೇಲೆ ಒಂದು ಮಾತು ಬರೆದಿದ್ದಳು. ಒಂದು ವಾರ ಎಲ್ಲ ಸದಸ್ಯರ ಜಿಡ್ಡಿನಂಶವೂ ಒಮ್ಮೆಲೇ ಒಂದೇ ಪ್ರಮಾಣದಲ್ಲಿ ಇಳಿದಿದೆ. ಊರಿನ ಎಲ್ಲ ಎಮ್ಮೆ ಆಕಳುಗಳೂ ಒಂದೇ ದಿನ ಹಾಗಾಗುವುದು ಅಸಂಭವ. ಆದ್ದರಿಂದ ಆ ವಾರ ಅಳೆಯುವ ಯಂತ್ರದ ಹೊಂದಾಣಿಕೆ ತಪ್ಪಿರಬಹುದು, ಪರೀಕ್ಷಿಸುವುದು ಒಳ್ಳೆಯದು ಎಂದು.

ಮೂವತ್ತೈದು ವರ್ಷ ಕಚೇರಿಯ ಲೆಕ್ಕಗಳ ನಡುವೆ ಇದ್ದವರು ನಾವು. ಇಂಥ ಒಂದು ಟಿಪ್ಪಣಿ ಬರೆಯಬಲ್ಲ ಕೈಯನ್ನು ಆ ಅವಧಿಯಲ್ಲಿ ನಾವು ಕಂಡದ್ದು ಬೆರಳೆಣಿಕೆಯಷ್ಟು.

ವರದಿಯ ಕೆಳಗೆ ಪರಿಶೀಲಕರ ಮಾತೂ ಇತ್ತು. ಮೊದಲ ಸಲ ಕಳಿಸಿದಾಗ ಸರಾಸರಿ ತೆಗೆಯುವಾಗ ಹಾಲು ಹಾಕದ ದಿನಗಳನ್ನೂ ಸೊನ್ನೆ ಎಂದು ಹಿಡಿದದ್ದರಿಂದ ವರದಿ ಹಿಂದಿರುಗಿತ್ತು. ಆಕೆ ಅದನ್ನು ತಿದ್ದಿ ಮತ್ತೆ ಕಳಿಸಿದ್ದಳು. ತಪ್ಪಿದ್ದೂ, ತಿದ್ದಿಕೊಂಡದ್ದೂ ಎರಡೂ ಅಲ್ಲಿ ದಾಖಲಾಗಿದ್ದವು. ನಮಗೆ ಆ ಕೆಂಪು ಗೀಟು ನೆನಪಾಯಿತು. 1977ರಲ್ಲಿ ಒಬ್ಬ ಅಪರಿಚಿತ ಅಧಿಕಾರಿ ನಮ್ಮ ಕಾಗದವನ್ನು ಪಕ್ಕಕ್ಕಿಟ್ಟು ನಮ್ಮ ಕೆಲಸವನ್ನು ನೋಡಿದ್ದರು. ಅವರು ನಮಗೆ ಕೊಟ್ಟ ಹತ್ತು ನಿಮಿಷವನ್ನು ನಾವು ಈ ಹುಡುಗಿಗೆ ಕೊಡಲಿಲ್ಲ.

ಮರುದಿನ ಅರ್ಜಿಯಲ್ಲಿದ್ದ ಸಂಖ್ಯೆಗೆ ಫೋನು ಮಾಡಿದೆವು. ಎತ್ತಿದವಳು ಆ ಹುಡುಗಿಯೇ. ತಾಲ್ಲೂಕು ಊರಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಳು. ನಾವು ಯಾರೆಂದು ಹೇಳಿ, “ತಂಗೀ, ಆ ದಿನ ನಿಮ್ಮ ಬಿಲ್ಲೆಯನ್ನು ನಾವು ತೆರೆದು ನೋಡಲಿಲ್ಲ. ನಿನ್ನೆ ನೋಡಿದೆವು. ತಪ್ಪಾಯಿತು” ಎಂದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ತಪ್ಪು ನಂದೂ ಅದ ರೀ ಸರ್. ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ಹೇಳಿದ್ರ ದೊಡ್ಡಸ್ತಿಕಿ ಅಂತ ತಿಳ್ಕೋತೀರೇನೋ ಅಂತ ಅಂಜಿಕಿ ಬಂತ್ರಿ” ಎಂದಳು. ಯಂತ್ರದ ವಿಷಯ ಏನಾಯಿತೆಂದು ಕೇಳಿದೆವು. ಸಂಘದವರು ಅದನ್ನು ಪರೀಕ್ಷೆಗೆ ಕಳಿಸಿ ಸರಿಪಡಿಸಿಕೊಂಡರೆಂದು ಹೇಳುವಾಗ ಆ ದನಿಯಲ್ಲಿ ಮೊದಲ ಬಾರಿ ಅಂಜಿಕೆ ಇರಲಿಲ್ಲ. ಹೋದ ಕೆಲಸವನ್ನು ಹಿಂದಕ್ಕೆ ತಂದುಕೊಡುವ ಶಕ್ತಿ ನಮಗಿರಲಿಲ್ಲ. ಮುಂದೆ ಅರ್ಜಿ ಹಾಕುವಾಗ ಆ ಬಿಲ್ಲೆಯ ಕೆಳಗೆ ತಾನು ಮಾಡಿದ ಕೆಲಸವನ್ನು ಎರಡು ಸಾಲಿನಲ್ಲಿ ಕನ್ನಡದಲ್ಲಿಯೇ ಬರೆಯಬೇಕೆಂದು ಹೇಳಿದೆವು. ಅಷ್ಟೇ ನಮ್ಮಿಂದ ಆದದ್ದು.

ಇಷ್ಟು ಓದಿದ ತಂದೆ ತಾಯಂದಿರು, ಹಾಗಾದರೆ ನಮ್ಮ ಮಕ್ಕಳಿಗೂ ಒಂದಿಪ್ಪತ್ತು ಬಿಲ್ಲೆ ಕೊಡಿಸಿಬಿಡೋಣ ಎಂದು ಹೊರಡಬಾರದು. ಇದಕ್ಕೆ ಇನ್ನೊಂದು ಮುಖವಿದೆ. ನಮ್ಮ ಮೊಮ್ಮಗಳ ಫೋನಿನಲ್ಲಿ ಹದಿನಾಲ್ಕು ಬಿಲ್ಲೆಗಳಿದ್ದವು. ಒಂದೊಂದನ್ನೂ ತೆರೆದು ನೋಡೋಣವೆಂದು ಇಬ್ಬರೂ ಕುಳಿತೆವು. ಒಂದು, ತನ್ನ ಹೆಸರು ಮತ್ತು ಭಾವಚಿತ್ರವನ್ನು ಸೇರಿಸಿದ್ದಕ್ಕೆ ಬಂದದ್ದು! ಐದು, ಉಪನ್ಯಾಸದ ವಿಡಿಯೋಗಳನ್ನು ಕೊನೆಯವರೆಗೆ ಓಡಿಸಿದ್ದಕ್ಕೆ ಬಂದವು. “ಅಜ್ಜಾ, ಅದನ್ನ ಹಚ್ಚಿಟ್ಟು ನಾ ಊಟಕ್ಕ ಹೋಗಿದ್ದೆ” ಎಂದು ಅವಳೇ ಒಪ್ಪಿಕೊಂಡಳು. ಆರು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಯಿಂದ ಬಂದವು. ತಪ್ಪಾದರೆ ಸರಿಯಾಗುವ ತನಕ ಮತ್ತೆ ಮತ್ತೆ ಒತ್ತಬಹುದಾಗಿತ್ತು. ಕೊನೆಗೆ ಉಳಿದವು ಎರಡೇ. ಆ ಎರಡಕ್ಕೆ ಅವಳು ವಾರಗಟ್ಟಲೆ ಕುಳಿತು ಕೆಲಸ ಮಾಡಿ, ಅದನ್ನು ಇನ್ನೊಬ್ಬರು ಓದಿ ಒಪ್ಪಿದ್ದರು. “ಉಳದ ಹನ್ನೆರಡನ್ನ ತೆಗದ್ಬಿಡ್ತೀನ್ರಿ” ಎಂದಳು. ತೆಗೆಯುವುದು ಬೇಡ, ಆದರೆ ಅರ್ಜಿಯಲ್ಲಿ ಹಾಕಬೇಡ ಎಂದೆವು. ಹನ್ನೆರಡು ಟೊಳ್ಳು ಕಾಳುಗಳ ನಡುವೆ ಎರಡು ಗಟ್ಟಿ ಕಾಳುಗಳಿದ್ದರೆ ನೋಡುವವರು ಇಡೀ ಸೇರನ್ನೇ ಟೊಳ್ಳೆನ್ನುತ್ತಾರೆ.

ಆ ಸಂಜೆ ಅಜ್ಜ ಮೊಮ್ಮಗಳು ಕೂಡಿ ಮೂರು ಪ್ರಶ್ನೆಗಳನ್ನು ಕಂಡುಕೊಂಡೆವು. ಇದನ್ನು ಕೊಟ್ಟವರು ಯಾರು, ಅವರ ಮಾತಿಗೆ ಬೆಲೆ ಕೊಡುವವರು ಯಾರು ಎಂಬುದು ಮೊದಲನೆಯದು. ಕಲಿತದ್ದನ್ನು ಹೇಗೆ ಪರೀಕ್ಷಿಸಿದರು, ಪರೀಕ್ಷಿಸಿದ್ದು ಮನುಷ್ಯರೋ, ಬರೀ ಗುಂಡಿ ಒತ್ತುವುದೋ ಎಂಬುದು ಎರಡನೆಯದು. ಇದರ ಸಾಕ್ಷಿಯಾಗಿ ಮಾಡಿದ ಕೆಲಸ ಎಲ್ಲಿದೆ, ಅದನ್ನು ಐದು ನಿಮಿಷದಲ್ಲಿ ತೋರಿಸಿ ವಿವರಿಸಬಲ್ಲೆಯಾ ಎಂಬುದು ಮೂರನೆಯದು. ಈ ಮೂರಕ್ಕೂ ಉತ್ತರವಿದ್ದರೆ ಅದು ವಿದ್ಯೆಯ ಗುರುತು; ಇಲ್ಲದಿದ್ದರೆ ಜಾತ್ರೆಯಲ್ಲಿ ಕೊಂಡ ಬಿಲ್ಲೆ. ಹಣ ಕೇಳುವ ಬಿಲ್ಲೆಗಳ ವಿಷಯದಲ್ಲಂತೂ ಈ ಪ್ರಶ್ನೆಗಳನ್ನು ಹಣ ಕೊಡುವ ಮುಂಚೆಯೇ ಕೇಳುವುದು ಕ್ಷೇಮ. ಪಾಠ ಕೇಳುವುದು ಉಚಿತವೆಂದು ಕರೆದು, ಪತ್ರ ಬೇಕಾದಾಗ ಶುಲ್ಕ ಕೇಳುವ ಪದ್ಧತಿ ಹಲವೆಡೆ ಇದೆ.

ನಮ್ಮ ದೇಶದ ವ್ಯವಸ್ಥೆಯ ವಿಷಯವನ್ನೂ ಇಲ್ಲಿ ಹೇಳುವುದು ಅಗತ್ಯ. ಏಕೆಂದರೆ ಬಿಲ್ಲೆಯನ್ನೂ, ಪದವಿಗೆ ಲೆಕ್ಕವಾಗುವ ‘ಕ್ರೆಡಿಟ್’ ಅನ್ನೂ ಒಂದೇ ಎಂದು ಭಾವಿಸಿ ಮೋಸಹೋದವರಿದ್ದಾರೆ. 2003ರಲ್ಲಿ 7 ಐಐಟಿಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಆರಂಭಿಸಿದವು. ಅದರ ಪಾಠಗಳನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಉಚಿತವಾಗಿ ಕೇಳಬಹುದು. ಆದರೆ ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ, ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರಿನಲ್ಲಿಯೇ ಪರೀಕ್ಷೆ ಬರೆಯಬೇಕು. ವಾರವಾರದ ಅಭ್ಯಾಸಗಳಿಗೆ 25, ಪರೀಕ್ಷೆಗೆ 75 ಎಂಬುದು ಅಲ್ಲಿಯ ಸಾಮಾನ್ಯ ಲೆಕ್ಕ. 2017ರಲ್ಲಿ ಉದ್ಘಾಟನೆಯಾದ ‘ಸ್ವಯಂ’ ಎಂಬ ರಾಷ್ಟ್ರೀಯ ವೇದಿಕೆಯಲ್ಲಿಯೂ ಈ ಪಾಠಗಳು ದೊರೆಯುತ್ತವೆ. 2021ರ ನಿಯಮಗಳಂತೆ ವಿಶ್ವವಿದ್ಯಾಲಯಗಳು ಒಂದು ಸೆಮಿಸ್ಟರಿನ ಶೇಕಡ 40ರವರೆಗಿನ ವಿಷಯಗಳನ್ನು ಸ್ವಯಂ ಮೂಲಕ ಓದಲು ಅನುಮತಿ ಕೊಡಬಹುದು.

ಅದೇ 2021ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬುದನ್ನು ತಂದಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಬ್ಯಾಂಕಿನ ಠೇವಣಿಯಂತೆ ಅವನ ಖಾತೆಯಲ್ಲಿ ಜಮೆಯಾಗುತ್ತವೆ. ಆ ನಿಯಮಗಳ ಪ್ರಕಾರ ಅವು ಗರಿಷ್ಠ 7 ವರ್ಷ ಬಳಕೆಗೆ ಅರ್ಹ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕಲಿಕೆ, ಒಂದು ವರ್ಷಕ್ಕೆ 1200 ಗಂಟೆ, ಎಂದರೆ 40 ಕ್ರೆಡಿಟ್ ಎಂಬ ಲೆಕ್ಕವಿದೆ. ಬ್ಯಾಂಕಿಗೆ ಹಣ ತುಂಬುವ ಅಧಿಕಾರ ನೋಂದಾಯಿತ ಸಂಸ್ಥೆಗಳಿಗೆ ಮಾತ್ರ. ದಾರಿಯಲ್ಲಿ ಸಿಕ್ಕ ಬಿಲ್ಲೆಯೊಂದನ್ನು ತೋರಿಸಿದರೆ ಆ ಖಾತೆಗೆ ಏನೂ ಬೀಳುವುದಿಲ್ಲ. ಆದ್ದರಿಂದ, “ಈ ಶಿಕ್ಷಣಕ್ಕೆ ಕ್ರೆಡಿಟ್ ಉಂಟೋ, ನಮ್ಮ ಕಾಲೇಜು ಅದನ್ನು ಒಪ್ಪುವುದೋ?” ಎಂದು ಸೇರುವ ಮುಂಚೆ ಕಾಲೇಜಿನಲ್ಲಿಯೇ ಕೇಳಿ ತಿಳಿದುಕೊಳ್ಳುವುದು ಲೇಸು.

ಬಿಲ್ಲೆಯನ್ನು ಕಾಪಾಡಿಕೊಳ್ಳುವುದೂ ಒಂದು ವಿದ್ಯೆ. ನಮ್ಮ ಟ್ರಂಕಿನ ಕಾಗದಗಳಿಗೆ ಗೆದ್ದಲಿನ ಭಯ. ಇವಕ್ಕೆ ಬೇರೆ ಭಯ. ಬಿಲ್ಲೆಯನ್ನು ಸಾಮಾನ್ಯವಾಗಿ ಪಡೆದವರ ಇಮೇಲ್ ವಿಳಾಸಕ್ಕೆ ಕಟ್ಟಿರುತ್ತಾರೆ. ಮಕ್ಕಳು ಕಾಲೇಜು ಕೊಟ್ಟ ವಿಳಾಸವನ್ನು ಬಳಸಿದರೆ, ಕಾಲೇಜು ಬಿಟ್ಟ ಮೇಲೆ ಆ ವಿಳಾಸವೇ ನಿಂತುಹೋಗಬಹುದು. ಆಗ ಬಿಲ್ಲೆ ತನ್ನದೆಂದು ತೋರಿಸುವುದು ಕಷ್ಟ. ಬಾಳಿನುದ್ದಕ್ಕೂ ಇಟ್ಟುಕೊಳ್ಳುವ ಸ್ವಂತ ವಿಳಾಸವೇ ಇದಕ್ಕೆ ಉತ್ತಮ. ಬಿಲ್ಲೆಗಳನ್ನು ಇಡುವ ಸಂಸ್ಥೆಗಳೂ ಬದಲಾಗುತ್ತವೆ. ಮೊದಲು ಈ ಕಾರ್ಯ ಹಮ್ಮಿಕೊಂಡ ಮೊಜಿಲ್ಲಾದವರೇ ಬಿಲ್ಲೆಗಳ ಸಂಗ್ರಹಕ್ಕಾಗಿ ನಡೆಸುತ್ತಿದ್ದ ‘ಬ್ಯಾಕ್‌ಪ್ಯಾಕ್’ ಸೇವೆಯನ್ನು ಬೇರೆಯವರಿಗೆ ಒಪ್ಪಿಸುವುದಾಗಿ 2018ರಲ್ಲಿ ಪ್ರಕಟಿಸಿದರು. ಹಳೆಯ ರೀತಿಯ ಬಿಲ್ಲೆಯಲ್ಲಿ ಕೊಟ್ಟವರ ತಾಣ ಮುಚ್ಚಿದರೆ ಪರೀಕ್ಷಿಸುವ ದಾರಿಯೂ ಮುಚ್ಚುವ ಸಂಭವವಿತ್ತು. ಈಗಿನ ಮೂರನೆಯ ಆವೃತ್ತಿಯಲ್ಲಿ ಕೊಟ್ಟವರ ಗಣಕೀಯ ಸಹಿಯನ್ನು ಬಿಲ್ಲೆಯೊಳಗೇ ಸೇರಿಸುವ ಏರ್ಪಾಡಿದೆ. ಏನೇ ಆಗಲಿ, ಬಿಲ್ಲೆಯ ಪ್ರತಿಯನ್ನೂ, ಅದಕ್ಕಾಗಿ ಮಾಡಿದ ಕೆಲಸದ ಪ್ರತಿಯನ್ನೂ ಮನೆಯಲ್ಲಿ ಬೇರೆಯಾಗಿ ಇಟ್ಟುಕೊಳ್ಳಬೇಕು. ಬಿಲ್ಲೆ ಹೋದರೂ ಕೆಲಸ ಉಳಿದಿದ್ದರೆ ಮಾತಾಡಲು ಆಧಾರವಿರುತ್ತದೆ.

ಇನ್ನೊಂದು ಮಾತನ್ನು ಹಿರಿಯರಾಗಿ ಹೇಳಲೇಬೇಕು. ಬಿಲ್ಲೆಗಳು ಪದವಿಗೆ ಬದಲಿಯಲ್ಲ. ಮೂರು ನಾಲ್ಕು ವರ್ಷ ಒಂದು ಕಾಲೇಜಿನಲ್ಲಿ ಕಳೆಯುವುದೆಂದರೆ ಬರೀ ವಿಷಯ ಕಲಿಯುವುದಲ್ಲ. ಬೇರೆ ಊರಿನ ಗೆಳೆಯರು, ಒಪ್ಪದ ಮಾತನ್ನೂ ತಾಳ್ಮೆಯಿಂದ ಕೇಳುವ ಅಭ್ಯಾಸ, ಮೆಚ್ಚಿದ ಗುರುಗಳು, ಇಷ್ಟವಿಲ್ಲದ ಪುಸ್ತಕವನ್ನೂ ಕೊನೆಯವರೆಗೆ ಓದುವ ಶಿಸ್ತು, ಇವನ್ನು ಯಾವ ಬಿಲ್ಲೆಯೂ ಕೊಡಲಾರದು. ವಿದ್ಯೆಯನ್ನು ತುಂಡುತುಂಡಾಗಿ ಕತ್ತರಿಸಿ ತುಂಡಿಗೊಂದು ಚಿತ್ರ ಅಂಟಿಸಿದರೆ ಮನುಷ್ಯ ಪೂರ್ಣನಾಗುವುದಿಲ್ಲ. ಆದರೆ ಪೂರ್ಣ ಪದವಿ ಪಡೆಯಲು ದೊಡ್ಡ ಊರಿನ ದೊಡ್ಡ ಕಾಲೇಜು ಸಿಗದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಅಸಂಖ್ಯ. ಕಾಲೇಜಿನ ಹೆಸರು ಅವರ ಪರವಾಗಿ ಮಾತಾಡುವುದಿಲ್ಲ. ಅವರು ಮಾಡಿದ ಕೆಲಸ ಮಾತಾಡಬೇಕಾದರೆ ಅದಕ್ಕೊಂದು ಬಾಯಿ ಬೇಕು. ಬಿಲ್ಲೆ ಅಂಥ ಬಾಯಿಯಾಗಬಲ್ಲುದು, ಕೇಳುವ ಕಿವಿಯಿದ್ದರೆ.

ಹೋದ ತಿಂಗಳ ಆಡಳಿತ ಮಂಡಳಿಯ ಸಭೆಯಲ್ಲಿ ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ಕೆಲವರಿಗೆ ಮುಜುಗರವಾಯಿತು. ‘ಸ್ಟಿಕ್ಕರ್’ ಎಂದಿದ್ದ ಸದಸ್ಯರೇ ಮೊದಲು ಎದ್ದು, “ಮುಂದಿನ ಸಲ ಮೇಜಿನ ಮ್ಯಾಲೆ ಒಂದು ಕಂಪ್ಯೂಟರ್ ಇಡೂಣು. ಬಂದವರು ಮಾಡಿದ್ದನ್ನ ತೆಗದು ತೋರಸಲಿ” ಎಂದರು. ಬಿಲ್ಲೆ ಇಲ್ಲದವರಿಗೂ ಹತ್ತು ನಿಮಿಷದ ಒಂದು ಕೆಲಸವನ್ನು ಅಲ್ಲಿಯೇ ಕೊಟ್ಟು ನೋಡಬೇಕೆಂದು ನಾವು ಸೇರಿಸಿದೆವು. ಎರಡೂ ಠರಾವುಗಳು ಅಂಗೀಕಾರವಾದವು. ಜೂನ್ ತಿಂಗಳಲ್ಲಿ ಗ್ರಂಥಾಲಯಕ್ಕೆ ಒಬ್ಬರನ್ನು ತೆಗೆದುಕೊಳ್ಳುವುದಿದೆ. ಆ ಪ್ರಕಟಣೆಯ ಒಂದು ಪ್ರತಿಯನ್ನು ಆ ಹುಡುಗಿಗೂ ಕಳಿಸಿದ್ದೇವೆ. ಅರ್ಜಿ ಹಾಕುವುದು ಬಿಡುವುದು ಆಕೆಯ ಇಚ್ಛೆ. ಹಾಕಿದರೂ ಉಳಿದವರೊಡನೆ ಸರಿಸಮನಾಗಿಯೇ ನೋಡಬೇಕಾಗುತ್ತದೆ.

ಟ್ರಂಕು ಮತ್ತೆ ಅಟ್ಟ ಸೇರಿದೆ. ಬೆರಳಚ್ಚಿನ ಸರ್ಟಿಫಿಕೇಟನ್ನು ಮಾತ್ರ ನಾವು ಕೆಳಗೆ ಉಳಿಸಿಕೊಂಡು ಮೇಜಿನ ಗಾಜಿನಡಿ ಇಟ್ಟಿದ್ದೇವೆ. ನಮ್ಮ ಮನೆಯವರು ಈಗ ಅದೇಕೆಂದು ಕೇಳುವುದಿಲ್ಲ. ಸಂದರ್ಶನಕ್ಕೆಂದು ಮನೆಯಿಂದ ಹೊರಡುವ ದಿನ ಅದರ ಮೇಲೊಮ್ಮೆ ನಮ್ಮ ಕಣ್ಣು ಬೀಳಲಿ ಎಂಬುದಷ್ಟೇ ಆಶೆ. ವಾಚಕ ಬಂಧುಗಳಲ್ಲಿ ಯಾರಾದರೂ ಇಂಥ ಮೇಜುಗಳ ಈಚೆ ಕುಳಿತುಕೊಳ್ಳುವವರಿದ್ದರೆ, ಎದುರಿಗೆ ತಲೆ ತಗ್ಗಿಸಿ ಕುಳಿತ ಮಗುವಿನ ಅರ್ಜಿಯ ಕೊನೆಯ ಪುಟವನ್ನು ದಯವಿಟ್ಟು ತಿರುವಿ ನೋಡಬೇಕೆಂದು ಕೇಳಿಕೊಂಡು ಈ ಬರಹಕ್ಕೆ ವಿರಾಮ ಹೇಳುತ್ತೇವೆ.